ಸ್ಪಷ್ಟನೆ: ಕ್ಯಾಂಪರ್ ವ್ಯಾನಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ

ಇಂಧನ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಗಾಳಿಗಿಂತ ಭಾರವಾದ್ದರಿಂದ ನೆಲದ ಬಳಿಯೇ ಸೇರಿಕೊಳ್ಳುತ್ತದೆ, ಆದ್ದರಿಂದ ಅಲ್ಲಿರುವ ಎಲ್‌ಪಿಜಿ ಅಲಾರಂ ಒಂದಿದ್ದರೆ ಸಾಕು ಎಂಬ ಸಂದೇಶ ಕ್ಯಾಂಪರ್ ವ್ಯಾನ್ (ಮಲಗಲು, ಅಡುಗೆ ಮಾಡಲು ಸೌಕರ್ಯವಿರುವ ವಾಹನ) ಬಳಸುವವರ ನಡುವೆ ಹರಿದಾಡುತ್ತಿದೆ. ಈ ಎರಡೂ ಮಾತು ತಪ್ಪು.

ಕಾರ್ಬನ್ ಮಾನಾಕ್ಸೈಡಿನ ಅಣುತೂಕ 28, ಗಾಳಿಯ ಸರಾಸರಿ ಸುಮಾರು 29. ಹೀಗೆ ತುಸು ಹಗುರವಾಗಿರುವ ಈ ಅನಿಲವು ಒಲೆ ಅಥವಾ ಹೀಟರಿನ ಬಿಸಿಗಾಳಿಯೊಡನೆ ಮೇಲೆದ್ದು, ವ್ಯಾನಿನ ಒಳಗಿನ ಗಾಳಿಯಲ್ಲೆಲ್ಲ ಬೆರೆತುಬಿಡುತ್ತದೆ. ತಗ್ಗಿಗಿಳಿದು ನಿಲ್ಲುವುದು ಸಿಲಿಂಡರಿನಿಂದ ಸೋರುವ ಅನಿಲ. ಅದರಲ್ಲಿರುವ ಪ್ರೊಪೇನಿನ ಅಣುತೂಕ 44, ಬ್ಯೂಟೇನಿನದು 58. ಗೊಂದಲ ಹುಟ್ಟಿದ್ದು ಬಹುಶಃ ಇಲ್ಲಿಯೇ. ಸೋರಿಕೆ ತಿಳಿಯಲೆಂದು ಎಲ್‌ಪಿಜಿಗೆ ವಾಸನೆಯನ್ನು ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮಲಗಿದವರಿಗೆ ಅದರ ಸುಳಿವೇ ಸಿಗುವುದಿಲ್ಲ.

ಎಲ್‌ಪಿಜಿಯನ್ನು ಮಾತ್ರ ಗುರುತಿಸುವ ಸಂವೇದಕವು ಕಾರ್ಬನ್ ಮಾನಾಕ್ಸೈಡಿಗೆ ಎಚ್ಚರಿಕೆ ಕೊಡುತ್ತದೆಂದು ನಂಬುವಂತಿಲ್ಲ. ಎರಡನ್ನೂ ಗುರುತಿಸುವ ಜೋಡಿ ಅಲಾರಂಗಳು ಇವೆಯಾದರೂ, ಅದು ಉಪಕರಣದ ಮೇಲೆ ಸ್ಪಷ್ಟವಾಗಿ ನಮೂದಾಗಿರಬೇಕು. ಕಾರ್ಬನ್ ಮಾನಾಕ್ಸೈಡಿಗೆಂದೇ ಇರುವ ಬಿಡಿ ಅಲಾರಂ ಆದರೆ ಮಲಗುವ ಜಾಗದ ಹತ್ತಿರ, ತಯಾರಕರ ಕೈಪಿಡಿ ಹೇಳುವ ಎತ್ತರದಲ್ಲಿ ಅಳವಡಿಸುವುದು ಸರಿ. ಹಾಸಿಗೆ ಅಥವಾ ಪರದೆಯ ಮರೆಯಲ್ಲಿ ಅದನ್ನು ಇಡಬಾರದು.

ಅಲಾರಂ ಕಳಚಿ ಹಿಂಬದಿಯನ್ನೊಮ್ಮೆ ನೋಡಿ: ಬದಲಿಸಬೇಕಾದ ದಿನಾಂಕ ಸಾಮಾನ್ಯವಾಗಿ ಅಲ್ಲಿ ಸಣ್ಣ ಅಕ್ಷರಗಳಲ್ಲಿರುತ್ತದೆ. ಗುಂಡಿ ಒತ್ತಿದಾಗ ಸದ್ದು ಬಂದರೆ ಬ್ಯಾಟರಿ ಮತ್ತು ಸದ್ದಿನ ಭಾಗ ಸರಿಯಿದೆಯೆಂದಷ್ಟೇ ಅರ್ಥ. ಅವಧಿ ಮೀರಿದ ಸಂವೇದಕವೂ ಸರಿಯಿದೆ ಎಂದಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.