ಥಂಡರ್‌ಬರ್ಡ್‌ನ ತಾರೀಖಿಗಾಗಿ ಇಡೀ ಲ್ಯಾಪ್‌ಟಾಪ್ ಬದಲಿಸಬೇಡಿ

ಇಲ್ಲಿ ಅಮೆರಿಕದಲ್ಲಿ 04/07 ಅಂದರೆ ಏಪ್ರಿಲ್ 7, ಭಾರತದ ನಮ್ಮ ಊರಿನ ಲೆಕ್ಕದಲ್ಲಿ ಜುಲೈ 4. ಇಲ್ಲಿನ ಆಫೀಸಿನ ಇಮೇಲೂ ಊರಿನ ಬ್ಯಾಂಕಿನ ಇಮೇಲೂ ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದ ಒಂದೇ ಇನ್‌ಬಾಕ್ಸ್‌ಗೆ ಬರುವ ನಮ್ಮಂಥವರಿಗೆ ಮೇಲ್‌ಗಳ ಪಟ್ಟಿಯಲ್ಲಿ ತಾರೀಖಿನ ಒಂದು ಕ್ರಮ, ಮೇಲ್ ಒಳಗೆ ಇನ್ನೊಂದು ಕ್ರಮ. ತಿಂಗಳ ಮೊದಲ ಹನ್ನೆರಡು ದಿನ ಗೊಂದಲ ತಪ್ಪಿದ್ದಲ್ಲ.

ಇದಕ್ಕೆಂದು ವಿಂಡೋಸ್‌ನ ರೀಜನ್ ಸೆಟ್ಟಿಂಗನ್ನೇ ಇಂಡಿಯಾ ಮಾಡಿಕೊಳ್ಳುವವರಿದ್ದಾರೆ. ಆಫೀಸ್ ಕೆಲಸದ ಯಂತ್ರದಲ್ಲಿ ಅದು ಬೇಡವೇ ಬೇಡ. ಎಕ್ಸೆಲ್ ಕೂಡ ಅದನ್ನೇ ನೋಡಿ ತಾರೀಖು ಓದುತ್ತದೆ. ಇಲ್ಲಿಯವರು ಕಳಿಸಿದ ಸಿಎಸ್‌ವಿ ಫೈಲಿನ 04/07 ಸದ್ದಿಲ್ಲದೆ ಜುಲೈ ಆಗುತ್ತದೆ. 04/15/2025 ತಾರೀಖೇ ಆಗದೆ ಬರೀ ಅಕ್ಷರವಾಗಿ ಉಳಿಯುತ್ತದೆ. ಜಿಮೇಲ್‌ನಲ್ಲಾದರೆ ಭಾಷೆಯನ್ನು ಇಂಗ್ಲಿಷ್ ಯುಕೆ ಮಾಡಿದರೆ ದಿನ ಮೊದಲು ಬರುತ್ತದೆ, ಅದಕ್ಕಿಂತ ಹೆಚ್ಚು ಸ್ವಾತಂತ್ರ್ಯ ಇಲ್ಲ.

ಥಂಡರ್‌ಬರ್ಡ್‌ನಲ್ಲಿ ಮೇಲ್‌ಗೆ ಮಾತ್ರ ಬೇರೆ ಮಾದರಿ ಕೊಡಬಹುದು. ಸೆಟ್ಟಿಂಗ್ಸ್‌ನ ಜನರಲ್ ಪುಟದ ಕೊನೆಯಲ್ಲಿ ಕಾನ್ಫಿಗ್ ಎಡಿಟರ್ ಇದೆ. ಹುಡುಕುವ ಜಾಗದಲ್ಲಿ ಐಎನ್‌ಟಿಎಲ್ ಡಾಟ್ ಡೇಟ್ ಅಂಡರ್‌ಸ್ಕೋರ್ ಟೈಮ್ ಡಾಟ್ ಪ್ಯಾಟರ್ನ್ ಅಂಡರ್‌ಸ್ಕೋರ್ ಓವರ್‌ರೈಡ್ ಡಾಟ್ ಡೇಟ್ ಅಂಡರ್‌ಸ್ಕೋರ್ ಶಾರ್ಟ್ ಎಂದು ಇಂಗ್ಲಿಷಿನಲ್ಲಿ, ಎಲ್ಲವೂ ಸಣ್ಣಕ್ಷರದಲ್ಲಿ, ಜಾಗ ಬಿಡದೆ ಟೈಪ್ ಮಾಡಿ. ಈ ಹೆಸರು ಮೊದಲೇ ಇರುವುದಿಲ್ಲ. ಸ್ಟ್ರಿಂಗ್ ಆರಿಸಿ ಪ್ಲಸ್ ಒತ್ತಬೇಕು. ಬೂಲಿಯನ್ ಆರಿಸಿದರೆ ಏನೂ ಬದಲಾಗದು. ಅದರ ಮೌಲ್ಯವಾಗಿ ಸಣ್ಣ ಡಿ ಎರಡು, ದೊಡ್ಡ ಎಂ ಮೂರು, ಸಣ್ಣ ವೈ ನಾಲ್ಕು, ನಡುವೆ ಒಂದೊಂದು ಸ್ಪೇಸ್. ಥಂಡರ್‌ಬರ್ಡ್ ಮುಚ್ಚಿ ತೆರೆದರೆ 04 ಜುಲೈ 2025 ಎಂಬ ಕ್ರಮದಲ್ಲಿ, ತಿಂಗಳ ಹೆಸರಿನ ಸಮೇತ ಕಾಣುತ್ತದೆ. ತಿಂಗಳು ಅಕ್ಷರದಲ್ಲಿದ್ದರೆ ಯಾವ ದೇಶದವರೂ ತಪ್ಪಾಗಿ ಓದಲಾರರು, ಹಾಗಾಗಿ ನನ್ನ ಮತ ಇದಕ್ಕೇ. ತಾರೀಖಿನ ಪ್ರಕಾರ ಮೇಲ್‌ಗಳ ಜೋಡಣೆ ಕೆಡುವುದಿಲ್ಲ, ಅದು ನಿಜವಾದ ಸಮಯದ ಮೇಲೆ ನಡೆಯುತ್ತದೆ.

ಅಕ್ಷರದ ಗಾತ್ರ ಮುಖ್ಯ. ಸಣ್ಣ ಎಂ ನಿಮಿಷ. ದೊಡ್ಡ ವೈ ವಾರದ ಲೆಕ್ಕದ ವರ್ಷ: ತಿಂಗಳುಗಟ್ಟಲೆ ಸರಿಯಾಗಿಯೇ ತೋರಿಸಿ, 2025ರ ಡಿಸೆಂಬರ್ 31ನ್ನು 2026 ಎಂದು ತೋರಿಸುತ್ತದೆ.

ಇವತ್ತಿನ ಮೇಲ್‌ಗೆ ಬರೀ ಗಂಟೆ ಕಾಣುತ್ತದೆ. ತಾರೀಖೂ ಬೇಕಿದ್ದರೆ ಅಲ್ಲೇ ಡೇಟ್‌ಫಾರ್ಮ್ಯಾಟ್ ಎಂದು ಹುಡುಕಿ, ಟುಡೇ ಸಾಲಿನ 0 ತೆಗೆದು 2 ಹಾಕಿ.

ಆದರೆ ಪಟ್ಟಿ ತೋರಿಸುವುದು ನಿಮ್ಮ ಕಂಪ್ಯೂಟರಿನ ಸಮಯ. ಬೆಂಗಳೂರಿನಿಂದ 5ರ ಬೆಳಿಗ್ಗೆ 8ಕ್ಕೆ ಹೊರಟ ಮೇಲ್ ನ್ಯೂಯಾರ್ಕಿನಲ್ಲಿ ಬೇಸಿಗೆಯಲ್ಲಿ 4ರ ರಾತ್ರಿ 10:30, ಚಳಿಗಾಲದಲ್ಲಿ 9:30. ಕೊನೆಯ ದಿನಾಂಕದ ತಕರಾರು ಬಂದರೆ ಕಂಟ್ರೋಲ್ ಯು ಒತ್ತಿ, ತೆರೆಯುವ ಮೇಲ್‌ನ ಮೂಲ ರೂಪದ ಡೇಟ್ ಸಾಲಿನಲ್ಲಿ +0530 (ಭಾರತದ ಸಮಯ) ಜೊತೆಗಿರುವ ಸಮಯವನ್ನೇ ಹಿಡಿಯಿರಿ.