ಹುಟ್ಟಿದ ವಾರದ ಹಾಡು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜ ಟೀ ಕುಡಿಯುತ್ತಾ ಕೇಳಿದರು, "ನೀನು ಹುಟ್ಟಿದ್ದು ಯಾವಾಗ?" 1975ರ ಡಿಸೆಂಬರ್ ಅಂದೆ. ಒಳಗೆ ಹೋಗಿ ದಪ್ಪ ಪುಸ್ತಕವೊಂದನ್ನು ತಂದು ಬೆರಳಾಡಿಸಿದರು. "ಕ್ವೀನ್ ಬ್ಯಾಂಡಿನ ಹಾಡು, ಬೊಹೀಮಿಯನ್ ರಾಪ್ಸಡಿ. ಮಾರಾಟದಲ್ಲಿ 9 ವಾರ ನಂಬರ್ ಒನ್. ನಿಮ್ಮೂರಲ್ಲಿ ಯಾವುದಿತ್ತು?"

ನನಗೆ ಬಾಯಿ ಕಟ್ಟಿತು. ಹಾಡಿದ ಫ್ರೆಡ್ಡಿ ಮರ್ಕ್ಯುರಿ ಪಂಚಗಣಿಯಲ್ಲಿ ಶಾಲೆ ಕಲಿತವನು ಅಂತ ಹೇಳಿ ಹೇಗೋ ಮಾನ ಉಳಿಸಿಕೊಂಡೆ.

ಮರುದಿನ ದಾವಣಗೆರೆಗೆ ಫೋನ್ ಮಾಡಿದೆ. "ಬಾಣಂತನದಲ್ಲಿ ಹಾಡು ಕೇಳೋಕೆ ಪುರುಸೊತ್ತೆಲ್ಲಿತ್ತೋ? ರೇಡಿಯೋನೂ ಕೆಟ್ಟಿತ್ತು" ಅಂದರು ಅಮ್ಮ. ಹಿಂದಿನಿಂದ ಅಪ್ಪ ಯಾವುದೋ ರಾಜ್‌ಕುಮಾರ್ ಹಾಡಿನ ಹೆಸರು ಕೂಗಿದರು. "ಅದು ನಿಮ್ಮ ತಂಗಿ ಮದುವೆ ವರ್ಷದ್ದು ಕಣ್ರೀ" ಅಂತ ಅಮ್ಮ ಅಲ್ಲೇ ಹೊಡೆದುಹಾಕಿದರು. ಅರ್ಧ ಗಂಟೆ ಜಗಳ. ನಾನು ಸುಮ್ನೆ ಕೇಳಿಸಿಕೊಂಡೆ.

ಆಮೇಲೆ ಚಾರಿಟಿ ಅಂಗಡಿಯಲ್ಲಿ ನನಗೂ ಆ ಪುಸ್ತಕದ ಹಳೇ ಪ್ರತಿ ಸಿಕ್ಕಿತು, 1 ಪೌಂಡಿಗೆ. ಗಿನ್ನೆಸ್‌ನವರ ಬ್ರಿಟಿಷ್ ಹಿಟ್ ಸಿಂಗಲ್ಸ್. ಸಿಂಗಲ್ ಅಂದರೆ ಒಂದೊಂದೇ ಹಾಡಾಗಿ ಮಾರುವ ರೆಕಾರ್ಡು. ಮೊದಲು ಬಂದಿದ್ದು 1977ರಲ್ಲಿ. ಒಂದೊಂದು ಹಾಡಿಗೂ ಒಂದು ಸಾಲು: ವಾರದ ಮಾರಾಟದ ಪಟ್ಟಿಗೆ ಬಂದ ತಾರೀಖು, ರೆಕಾರ್ಡಿನ ನಂಬರ್, ಏರಿದ ಸ್ಥಾನ, ಉಳಿದ ವಾರ. ನಮ್ಮ ಕಿರಾಣಿ ಅಂಗಡಿಯ ಖಾತೆ ಪುಸ್ತಕವೇ ಸರಿ. ಈ ಪಟ್ಟಿಯೆಲ್ಲ ಶುರುವಾಗಿದ್ದು 1952ರ ನವೆಂಬರ್ 14ರಂದು. ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಎಂಬ ಸಂಗೀತ ಪತ್ರಿಕೆಯವರು ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ, ಯಾವ ರೆಕಾರ್ಡ್ ಜಾಸ್ತಿ ಹೋಗಿದೆ ಅಂತ ಕೇಳಿ ಬರೆದುಕೊಂಡರು. ಅಷ್ಟೇ! ಅಮೆರಿಕದಲ್ಲಂತೂ ಜೋಯಲ್ ವಿಟ್‌ಬರ್ನ್ ಎಂಬಾತ ಬಿಲ್‌ಬೋರ್ಡ್ ಪತ್ರಿಕೆಯ ಇಂಥದೇ ಪಟ್ಟಿಗಳನ್ನು ಹವ್ಯಾಸಕ್ಕೆ ಕಾರ್ಡುಗಳ ಮೇಲೆ ಬರೆದಿಡುತ್ತಾ ಹೋಗಿ, ಅದನ್ನೇ ಪುಸ್ತಕ ಮಾಡಿದ.

ಅದೇ 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಕೂಡ ಶುರುವಾಯಿತು. ಆದರೆ ಅದು ಹಿಂದಿ ಹಾಡುಗಳ ಲೆಕ್ಕ. ಕನ್ನಡದ್ದು? ನಮಗೆ ಎಣಿಸಲು ಬರುವುದಿಲ್ಲ ಅಂತಲ್ಲ. ಸಿನಿಮಾ 100 ದಿನ ಓಡಿದರೆ, 25 ವಾರ ಓಡಿದರೆ ಕಟೌಟಿಗೆ ಹಾರ ಹಾಕಿದವರು ನಾವು. ಹಾಡು ಎಷ್ಟು ವಾರ ಓಡಿತು ಅಂತ ಬರೆದಿಟ್ಟ ಒಂದು ಪುಸ್ತಕ ಮಾತ್ರ ಇವತ್ತಿಗೂ ನನ್ನ ಕೈಗೆ ಬಂದಿಲ್ಲ. ಎಲ್ಲಾ ಬಾಯಲ್ಲೇ, ಎಲ್ಲಾ ಯಾರದೋ ಮದುವೆ ಲೆಕ್ಕದಲ್ಲೇ. ಸಿಟ್ಟು ಬರುತ್ತೆ, ಅಲ್ವಾ?

ಹೌದು, ಬ್ರಿಟಿಷರ ಈ ಖಾತೆಯಲ್ಲೂ ತೂತುಗಳಿವೆ. ಲೆಡ್ ಝೆಪ್ಲಿನ್ ಎಂಬ ಹೆಸರಾಂತ ಬ್ಯಾಂಡಿನವರು ಆಗ ಇಲ್ಲಿ ಸಿಂಗಲ್ ಬಿಡುತ್ತಿರಲಿಲ್ಲ, ಹಾಗಾಗಿ ನನ್ನ ಪ್ರತಿಯಲ್ಲಿ ಅವರ ಹೆಸರೇ ಇಲ್ಲ. 1963ರಲ್ಲಿ ಬೀಟಲ್ಸ್‌ನ ಪ್ಲೀಸ್ ಪ್ಲೀಸ್ ಮಿ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪಟ್ಟಿಯಲ್ಲಿ ಮೊದಲನೆಯದು, ರೆಕಾರ್ಡ್ ರೀಟೇಲರ್ ಎಂಬ ಇನ್ನೊಂದು ಪತ್ರಿಕೆಯ ಪಟ್ಟಿಯಲ್ಲಿ ಎರಡನೆಯದು. ಪುಸ್ತಕ ನಂಬಿದ್ದು ಎರಡನೇ ಪಟ್ಟಿಯನ್ನು. ನನ್ನ ಪ್ರತಿಯಲ್ಲಿ ಯಾರೋ ಆ 2 ಹೊಡೆದುಹಾಕಿ ಪೆನ್ಸಿಲಿನಲ್ಲಿ 1 ಅಂತ ಬರೆದಿದ್ದಾರೆ. ಒತ್ತಿದ ರಭಸಕ್ಕೆ ಹಾಳೆಯ ಹಿಂದೆಯೂ ಗೀರು ಎದ್ದಿದೆ. ಅಪ್ಪನ ಕೈಗೆ ಸಿಕ್ಕಿದ್ದರೂ ಹೀಗೇ ಆಗುತ್ತಿತ್ತು ಅನ್ನಿ.