ಫಾಂಡ್, ಕಾರಿನ್ಯೊ ಮತ್ತು ನಮ್ಮ ಅಕ್ಕರೆ

ಇಂಗ್ಲಿಷಿನ ‘ಫಾಂಡ್’, ಸ್ಪ್ಯಾನಿಷಿನ ‘ಕಾರಿನ್ಯೊ’. ನಿಘಂಟು ತೆಗೆದರೆ ಎರಡೂ ಅಕ್ಕರೆಯ ಸುತ್ತಲೇ ತಿರುಗುತ್ತವೆ. ಮೊದಲು ಇಂಗ್ಲೆಂಡಿನಲ್ಲಿದ್ದು, ಈಗ ಮ್ಯಾಡ್ರಿಡ್‌ನಲ್ಲಿ ಸಂಸಾರ ಹೂಡಿರುವ ನನಗೆ ಮಾತ್ರ ಇವೆರಡೂ ಒಂದೇ ಅಂತ ಯಾವತ್ತೂ ಅನ್ನಿಸಿಲ್ಲ.

ಇಂಗ್ಲಿಷರು ಫಾಂಡ್ ಅನ್ನುವುದನ್ನು ಅಳೆದು ಸುರಿದು ಬಳಸುತ್ತಾರೆ. ಚೀಸ್ ಅಂದರೂ ಫಾಂಡ್, ಸಾಕುನಾಯಿ ಅಂದರೂ ಫಾಂಡ್, ಶಾಲೆಯ ಹಳೇ ಮೇಷ್ಟ್ರು ಅಂದರೂ ಫಾಂಡ್. ಆದರೆ ಆ ಮೇಷ್ಟ್ರ ಎದುರಿಗೆ ನಿಂತು ಹೇಳುವುದು ಕಡಿಮೆ, ಅವರ ಬಗ್ಗೆ ಇನ್ನೊಬ್ಬರ ಹತ್ತಿರ ಹೇಳುವುದೇ ಜಾಸ್ತಿ. ಈ ಪದದ ಹಳೆಯ ಅರ್ಥ ಬೇರೆಯೇ. ನಡು ಇಂಗ್ಲಿಷಿನಲ್ಲಿ ‘ಫಾನ್’ ಅಂದರೆ ದಡ್ಡ. ಷೇಕ್ಸ್‌ಪಿಯರನ ಕಾಲದಲ್ಲೂ ಫಾಂಡ್ ಪದಕ್ಕೆ ಬುದ್ಧಿಗೆಟ್ಟ ಅನ್ನುವ ಅರ್ಥ ಬಳಕೆಯಲ್ಲಿತ್ತು. ನಮ್ಮ ‘ಮರುಳು’ ಕೂಡ ಹೀಗೇ ಅಲ್ವಾ? ಬುದ್ಧಿಯಿಲ್ಲದವನೂ ಮರುಳ, ಮನಸೋತವನೂ ಮರುಳ.

ಹಾಗಂತ ಇಂಗ್ಲಿಷರ ಬಾಯಲ್ಲಿ ಅಕ್ಕರೆ ಇಲ್ಲ ಅನ್ನಲಾರೆ. ನಾಟಿಂಗ್‌ಹ್ಯಾಮ್ ಕಡೆ ಅಂಗಡಿಯವರು ಗುರುತಿಲ್ಲದವರನ್ನೂ ‘ಡಕ್’ ಅಂತ ಕರೆಯುತ್ತಾರೆ. ನ್ಯೂಕ್ಯಾಸಲ್‌ನಲ್ಲಿ ಅದು ‘ಪೆಟ್’. ನನಗೆ ಆ ಊರುಗಳು ಇಷ್ಟವಾದದ್ದೇ ಈ ಕಾರಣಕ್ಕೆ.

ಮ್ಯಾಡ್ರಿಡ್‌ನಲ್ಲಿ ಮಾತ್ರ ಇದು ಇನ್ನೂ ಸಲೀಸು. ನಮ್ಮ ಬಡಾವಣೆಯ ಮಾರ್ಕೆಟ್ಟಿನಲ್ಲಿ ಹಣ್ಣು ಮಾರುವ ಹೆಂಗಸು ಎಲ್ಲರನ್ನೂ ಕೇಳುವುದು ಒಂದೇ ಮಾತು: “ಕೆ ತೆ ಪೊಂಗೊ, ಕಾರಿನ್ಯೊ?” ಪದಕ್ಕೆ ಪದ ಹೇಳಿದರೆ, ನಿನಗೆ ಏನು ಹಾಕಲಿ, ಅಕ್ಕರೆಯೇ? ಆದರೆ ಕಿವಿಗೆ ಅದು ಕೇಳಿಸುವುದು “ಏನ್ ಹಾಕ್ಲಪ್ಪಾ?” ಅಂತಲೇ. ಕಿತ್ತಳೆ ತೂಗುತ್ತಾ, ಮುಂದೆ ನಿಂತ ಅಜ್ಜಿಗೂ ಹಿಂದೆ ನಿಂತ ಹುಡುಗನಿಗೂ ಅದೇ ದನಿಯಲ್ಲಿ ಕೇಳುತ್ತಾಳೆ.

ಈ ಪದ ಎಲ್ಲಿಂದ ಬಂತು ಅಂತ ಹುಡುಕಿದರೆ ಹೊರನಾಡಿನವರ ಎದೆಗೆ ತಾಗುವ ಸಂಗತಿಯೊಂದು ಸಿಗುತ್ತದೆ. ಸ್ಪೇನಿನ ಪ್ರಾದೇಶಿಕ ಆಡುನುಡಿಯೊಂದರಲ್ಲಿ ‘ಕಾರಿನ್ಯಾರ್’ ಅಂದರೆ ದೂರವಾದದ್ದಕ್ಕೆ ಹಂಬಲಿಸುವುದು. ಅದರ ಬೇರು ಲ್ಯಾಟಿನ್ನಿನ ‘ಕರೇರೆ’, ಅಂದರೆ ಇಲ್ಲದಿರುವುದು, ಇರಬಹುದು ಅಂತ ಪಂಡಿತರ ಊಹೆ. ಕಣ್ಣೆದುರು ಇಲ್ಲದವರ ಮೇಲಿನ ಹಂಬಲದಿಂದ ಅಕ್ಕರೆಯ ಪದ ಹುಟ್ಟಿತು ಅಂದರೆ ನಾನಂತೂ ಒಪ್ಪುತ್ತೇನೆ.

ಇನ್ನು ‘ಕೊಹೆರ್ ಕಾರಿನ್ಯೊ’ ಅಂತ ಒಂದು ಮಾತಿದೆ. ಒಬ್ಬರ ಮೇಲೆ ನಿಧಾನಕ್ಕೆ ಅಕ್ಕರೆ ಬೆಳೆದಾಗ ಹೀಗನ್ನುತ್ತಾರೆ. ಇದಕ್ಕೆ ಕನ್ನಡದಲ್ಲಿ ಹೇಳಿ ಮಾಡಿಸಿದಂಥ ಪದ ‘ಹಚ್ಚಿಕೊಳ್ಳುವುದು’. ಮಗು ಪಕ್ಕದ ಮನೆಯವರನ್ನು ಹಚ್ಚಿಕೊಂಡಿದೆ ಅಂದರೆ ಸಾಕು, ದಿನಾ ಸಂಜೆ ಅವರ ಬಾಗಿಲು ತಟ್ಟುವ ಮಗು ಕಣ್ಣಿಗೆ ಕಟ್ಟುತ್ತದೆ. ಇಂಗ್ಲಿಷಿನ ‘ಗ್ರೋ ಫಾಂಡ್’ ಆ ಬಿಸುಪಿನ ಹತ್ತಿರಕ್ಕೂ ಬರುವುದಿಲ್ಲ.

ಮಾತಿನ ಕಟ್ಟಿನಲ್ಲೂ ಸ್ಪ್ಯಾನಿಷ್ ನಮಗೆ ಹತ್ತಿರ. ಇಂಗ್ಲಿಷಿನಲ್ಲಿ ನಾನು ಕಾಫಿಯನ್ನು ಇಷ್ಟಪಡುತ್ತೇನೆ. ಸ್ಪ್ಯಾನಿಷಿನಲ್ಲಿ ‘ಮೆ ಗುಸ್ತಾ ಎಲ್ ಕಫೆ’, ನನಗೆ ಕಾಫಿ ಇಷ್ಟ. ಇಷ್ಟ ನಾನು ಮಾಡುವ ಕೆಲಸವಲ್ಲ, ನನಗೆ ಆಗುವಂಥದ್ದು. ಇನ್ನೂ ಮುಂದೆ ಹೋಗಿ ನಾವು “ಅವಳಿಗೆ ತಮ್ಮ ಅಂದ್ರೆ ಪ್ರಾಣ” ಅನ್ನುತ್ತೇವೆ.

ಒಂದು ಕಡೆ ಮಾತ್ರ ನಾವು ಸ್ಪೇನಿನವರಿಂದ ದೂರ. ಅವರು ಅಮ್ಮನಿಗೆ, ತಂಗಿಗೆ, ಗೆಳೆಯನಿಗೆ ‘ತೆ ಕಿಯೆರೊ’, ಅಂದರೆ ನೀನಂದ್ರೆ ನನಗೆ ಪ್ರೀತಿ, ಅಂತ ಎದುರಿಗೇ ಹೇಳುತ್ತಾರೆ. ಅದೇ ಅರ್ಥದ ‘ತೆ ಆಮೊ’ ಅನ್ನುವುದು ಇನ್ನೂ ತೂಕದ ಮಾತು, ಸ್ಪೇನಿನಲ್ಲಿ ದಿನಬಳಕೆಗೆ ಅಷ್ಟಾಗಿ ಬರುವುದಿಲ್ಲ. ನಮ್ಮಲ್ಲಿ ಅಮ್ಮನಿಗೆ “ನಾನು ನಿನ್ನನ್ನು ಪ್ರೀತಿಸುತ್ತೇನೆ” ಅಂದರೆ ಅವಳು ಗಾಬರಿಯಾಗಿ, ಏನಾಯ್ತೋ ಅಂತ ಕೇಳಬಹುದು. ನಮ್ಮ ಅಕ್ಕರೆ ಮಾತಿನ ಕೊನೆಗೆ ಬಂದು ಕೂರುತ್ತದೆ: ಬಾರಪ್ಪಾ, ಇನ್ನೊಂಚೂರು ಹಾಕಿಸ್ಕೊಳ್ಳಮ್ಮ. ಪುಟ್ಟ ಮಗನನ್ನು ತಾಯಿ ‘ನಮ್ಮಪ್ಪ’ ಅನ್ನುತ್ತಾಳೆ. ಇಲ್ಲಿರುವ ಕೊಲಂಬಿಯಾದ ತಾಯಂದಿರು ತಮ್ಮ ಮಗನನ್ನು ‘ಪಾಪಿ’ ಅಂತ ಮುದ್ದಾಗಿ ಕರೆಯುತ್ತಾರೆ, ಅದರ ಅರ್ಥವೂ ಅಪ್ಪ ಅಂತಲೇ.

ಹೊರಗೆ ಬೆಳೆಯುವ ನಮ್ಮ ಮಕ್ಕಳು ಈ ಭಾಗ್ಯವನ್ನು ಕಳೆದುಕೊಳ್ಳಬಾರದು ಅನ್ನುವುದು ನನ್ನ ಆಸೆ. ವಿಡಿಯೋ ಕಾಲ್‌ನಲ್ಲಿ “ಲವ್ ಯೂ ಅಜ್ಜಿ” ಅಂದು ಓಡಿಬಿಡುತ್ತಾರೆ. ಅಜ್ಜಿಗೆ ಅದರಿಂದ ಖುಷಿಯಾಗುತ್ತದೆ, ಸುಳ್ಳಲ್ಲ. ಆದರೆ ಆಕೆಯ ಅಕ್ಕರೆ ಇರುವುದು “ಊಟ ಆಯ್ತಾ ಕಂದ?” ಅನ್ನುವುದರಲ್ಲಿ. ಉತ್ತರವೂ ಅದೇ ದಾರಿಯಲ್ಲಿ ಬರಬೇಕಲ್ವಾ? ಹಾಗಾಗಿ ಮಗಳಿಗೆ ಹೇಳಿಕೊಡುತ್ತಿದ್ದೇವೆ: ಫೋನ್ ಎತ್ತಿದ ಕೂಡಲೇ “ಅಜ್ಜಿ, ಮಂಡಿ ನೋವು ಹೇಗಿದೆ? ಮಾತ್ರೆ ತಗೊಂಡ್ಯಾ?” ಅಂತ ಕೇಳು. ಲವ್ ಯೂ ಆಮೇಲೆ ಹೇಳಿದರೂ ಆಯ್ತು.